ಹಳೇ ಪಿಕಪ್‌ಗೆ ಟೈಮಿಂಗ್ ಚೈನ್ ಒಂದನ್ನೇ ಬದಲಿಸಿದರೆ ಸಾಕಾ?

ಸಾಲದು. ಎಂಜಿನ್ ಒಳಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ತಿರುಗಿದಂತೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಚೈನ್ ಇದು. ಚೈನ್, ಸ್ಪ್ರಾಕೆಟ್‌ಗಳು (ಚೈನ್ ಕೂರುವ ಹಲ್ಲಿನ ಚಕ್ರಗಳು), ಟೆನ್ಷನರ್, ಗೈಡ್ ಎಲ್ಲವನ್ನೂ ಒಂದೇ ಕಂಪನಿಯ ಪೂರ್ತಿ ಸೆಟ್ ಆಗಿ ತಗೊಳ್ಳಿ.

ಚೈನ್ ಹಳೆಯದಾದಂತೆ ಅದರ ಪಿನ್ನುಗಳು ಸವೆದು, ಕೊಂಡಿಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುತ್ತದೆ. ಸ್ಪ್ರಾಕೆಟ್ ಹಲ್ಲುಗಳೂ ಅದಕ್ಕೆ ತಕ್ಕಂತೆ ಸವೆದಿರುತ್ತವೆ. ಅಂಥ ಹಲ್ಲಿನ ಮೇಲೆ ಹೊಸ ಚೈನ್ ಸರಿಯಾಗಿ ಕೂರುವುದಿಲ್ಲ, ಅದೂ ಬೇಗ ಸವೆಯುತ್ತದೆ. ಬೈಕಿಗೂ ಚೈನ್ ಜೊತೆ ಸ್ಪ್ರಾಕೆಟ್ ಹಾಕಿಸುತ್ತೇವಲ್ವಾ, ಅದೇ ಲೆಕ್ಕ.

ದುಡ್ಡು ಉಳಿಸಲೇಬೇಕು ಅಂದರೂ ಟೆನ್ಷನರ್, ಗೈಡ್‌ಗಳಲ್ಲಿ ಬೇಡ. ಟೆನ್ಷನರ್ ಎಷ್ಟೋ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದ ಚೈನನ್ನು ಬಿಗಿ ಹಿಡಿಯುತ್ತದೆ. ಗೈಡ್ ಅಂದರೆ ಚೈನ್ ಉಜ್ಜಿಕೊಂಡು ಓಡುವ ಪಟ್ಟಿ, ಸಾಮಾನ್ಯವಾಗಿ ಪ್ಲಾಸ್ಟಿಕ್‌ನದು. ಬಿಚ್ಚಿದಾಗ ಹಳೇ ಗೈಡ್‌ನ ತುಂಡು ಕಾಣೆಯಾಗಿದ್ದರೆ ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಇಳಿಸಿ ಹುಡುಕಿಸಿ. ಆ ಚೂರು ಆಯಿಲ್ ಜಾಲರಿಗೆ ಅಡ್ಡ ಕೂತರೆ ಎಂಜಿನ್ನೇ ಹೋಯಿತು.

ಕ್ರ್ಯಾಂಕ್ ಮುಂದಿನ ಆಯಿಲ್ ಸೀಲ್, ಚೈನ್ ಕವರ್ ಗ್ಯಾಸ್ಕೆಟ್ (ಎರಡೂ ಆಯಿಲ್ ಸೋರದಂತೆ ತಡೆಯುವವು) ಈಗಲೇ ಹೊಸದು ಹಾಕಿಸಿ. ಆಮೇಲೆ ಸೋರಿದರೆ ಸುಮ್ನೆ ಎರಡನೇ ಸಲ ಮಜೂರಿ.

ಬಿಡಿಭಾಗಗಳ ಅಂಗಡಿಯಲ್ಲಿ ಮಾಡೆಲ್ ಹೆಸರಷ್ಟೇ ಹೇಳಬೇಡಿ, ಎಂಜಿನ್ ನಂಬರ್ ಕೊಡಿ. ಹಳೇ ಗಾಡಿಗಳಲ್ಲಿ ಎಂಜಿನ್ ಬದಲಾಗಿರುವುದೂ ಉಂಟು. ಹಳೇ ಚೈನ್ ಒಯ್ದು ಕೊಂಡಿ ಎಣಿಸಿ. ಉದ್ದ ಅಳೆದರೆ ಮೋಸ ಹೋಗುತ್ತೀರಿ, ಹಳೆಯದು ಹೇಗೂ ಸ್ವಲ್ಪ ಉದ್ದವೇ ಇರುತ್ತದೆ.