ಬಣ್ಣ ಆಮೇಲೆ, ಮೊದಲು ಸಹಿ

ಓದುಗರ ಪತ್ರ: ನಾನು ನಿವೃತ್ತ ಶಿಕ್ಷಕಿ. ಬೆಂಗಳೂರಿನ ಹನುಮಂತನಗರದ ಮೂವತ್ತು-ನಲವತ್ತರ ಸೈಟಿನಲ್ಲಿ ನಮ್ಮ ಯಜಮಾನರು ಸ್ವಂತ ದುಡಿಮೆಯಿಂದ 1988ರಲ್ಲಿ ಕಟ್ಟಿಸಿದ ಮನೆ ನಮ್ಮದು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಉಯಿಲು ಬರೆದಿರಲಿಲ್ಲ. ಖಾತೆ ನನ್ನ ಹೆಸರಿಗೆ ಆಗಿದೆ. ಮಗಳು ಮೈಸೂರಿನಲ್ಲಿ, ಮಗ ತಲಘಟ್ಟಪುರದಲ್ಲಿ. ಕಳೆದ ವರ್ಷ ಅತ್ತೆಯವರ ವರ್ಷಾಂತಿಕವೂ ಮುಗಿಯಿತು. ಮೈದುನ, ನಾದಿನಿ ಬರುವುದೂ ಕಡಿಮೆಯಾಗಿದೆ. ಈ ಮನೆ ಮಾರಿ ಮಗನ ಹತ್ತಿರ ಒಂದು ಸಣ್ಣ ಫ್ಲಾಟ್ ಕೊಳ್ಳೋಣ ಎಂದಿದ್ದೇನೆ. ಮೂರು ಲಕ್ಷ ಹಾಕಿ ಬಣ್ಣ ಬಳಿಸಿ, ಬಚ್ಚಲಿಗೆ ಟೈಲ್ಸ್ ಹಾಕಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ದಲ್ಲಾಳಿ ಹೇಳುತ್ತಾರೆ. ಮಾಡಿಸಲೇ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ಮಾಡಿಸಬೇಡಿ ಮೇಡಂ. ಹನುಮಂತನಗರದಲ್ಲಿ ಅಷ್ಟು ಹಳೆಯ ಮನೆಗೆ ಗಿರಾಕಿಯಾಗಿ ಬರುವವನು ಸಾಮಾನ್ಯವಾಗಿ ಒಳಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೊರಗೆ ಬಂದು ರಸ್ತೆಯ ಅಗಲ ನೋಡುತ್ತಾನೆ, ಬಾಗಿಲು ಯಾವ ದಿಕ್ಕಿಗೆ ಎಂದು ಕೇಳುತ್ತಾನೆ, ಎಷ್ಟು ಅಂತಸ್ತು ಎಬ್ಬಿಸಬಹುದು, ಬಾಡಿಗೆ ಎಷ್ಟು ಬಂದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಅವನು ಕೊಳ್ಳುವುದು ಸೈಟನ್ನು. ನೋಂದಣಿಯಾದ ಕೆಲವೇ ದಿನಗಳಲ್ಲಿ ಜೆಸಿಬಿ ಬಂದು ನಿಂತರೆ ನಿಮ್ಮ ಹೊಸ ಟೈಲ್ಸ್ ಅದರ ಹಲ್ಲಿಗೆ ಸಿಗುತ್ತದೆ. ಅಟ್ಟ ಖಾಲಿ ಮಾಡಿ, ಸೋರುವ ನಲ್ಲಿ ಸರಿಪಡಿಸಿ, ಅಂಗಳ ಗುಡಿಸಿಡಿ. ಅಷ್ಟು ಸಾಕು.

ನಿಮ್ಮ ಪತ್ರವನ್ನು ಎರಡನೇ ಸಲ ಓದಿದ್ದು ಅತ್ತೆಯವರ ಕುರಿತ ಆ ಒಂದು ವಾಕ್ಯಕ್ಕಾಗಿ. ಅಂದರೆ ಯಜಮಾನರು ತೀರಿಕೊಂಡಾಗ ಅವರ ತಾಯಿ ಇದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿ ಹೆಂಡತಿಗೆ, ಮಕ್ಕಳಿಗೆ ಮತ್ತು ತಾಯಿಗೆ ಸಮಪಾಲಾಗುತ್ತದೆ. ನಿಮಗೆ, ಮಗನಿಗೆ, ಮಗಳಿಗೆ, ಅತ್ತೆಯವರಿಗೆ ತಲಾ ಕಾಲು ಪಾಲು. ಮಗನ ಆಸ್ತಿಯಲ್ಲಿ ತಾಯಿಗೂ ಪಾಲಿದೆ ಎಂಬುದನ್ನು ನಮ್ಮ ಮನೆಗಳಲ್ಲಿ ಬಹಳ ಜನ ಮರೆಯುತ್ತಾರೆ. ಅತ್ತೆಯವರೂ ಉಯಿಲು ಬರೆಯದೆ ಹೋಗಿದ್ದು, ಮಾವನವರು ಮೊದಲೇ ತೀರಿಕೊಂಡಿದ್ದರೆ, ಅವರ ಕಾಲು ಪಾಲು ಮೂರು ಭಾಗವಾಗುತ್ತದೆ: ಒಂದು ಮೈದುನನಿಗೆ, ಒಂದು ನಾದಿನಿಗೆ, ಒಂದು ನಿಮ್ಮ ಇಬ್ಬರು ಮಕ್ಕಳಿಗೆ ಸೇರಿ. ಹಬ್ಬಕ್ಕೂ ಬಾರದ ಮೈದುನನಿಗೆ ಈ ಮನೆಯಲ್ಲಿ ಹನ್ನೆರಡನೇ ಒಂದು ಪಾಲು ಇದೆ, ನಾದಿನಿಗೂ ಅಷ್ಟೇ.

ಖಾತೆ ನಿಮ್ಮ ಹೆಸರಿಗೆ ಆಗಿದೆ ಎಂದಿರಿ. ಖಾತೆಯೆಂದರೆ ತೆರಿಗೆ ಯಾರಿಂದ ವಸೂಲು ಮಾಡಬೇಕೆಂಬ ಲೆಕ್ಕ. ಒಡೆತನವನ್ನು ಅದು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಗಿರಾಕಿ ಸಾಲಕ್ಕೆ ಹೋದರೆ ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳುತ್ತಾರೆ, ಅದರಲ್ಲಿ ಅತ್ತೆಯವರ ಹೆಸರು, ಮರಣದ ದಿನಾಂಕ ಕಾಣುತ್ತದೆ, ಕಡತ ಅಲ್ಲಿಗೆ ನಿಲ್ಲುತ್ತದೆ. ಆ ಹೊತ್ತಿಗೆ ನೀವು ಮುಂಗಡ ತೆಗೆದುಕೊಂಡು, ಅದೇ ಹಣವನ್ನು ತಲಘಟ್ಟಪುರದ ಫ್ಲಾಟಿಗೆ ಕೊಟ್ಟಿರುತ್ತೀರಿ. ಹಾಗಾಗದಿರಲಿ. ಮೈದುನ, ನಾದಿನಿ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಣಿ ಮಾಡಿಕೊಡಬಹುದು, ಇಲ್ಲವೇ ಕ್ರಯಪತ್ರಕ್ಕೆ ನಿಮ್ಮೊಂದಿಗೆ ಮಾರಾಟಗಾರರಾಗಿ ಸಹಿ ಹಾಕಬಹುದು. ಅವರು ಪಾಲು ಕೇಳಿದರೆ ಬೇಸರಪಡಬೇಡಿ, ಅದು ಅವರದೇ. ಮಗಳ ಸಹಿಯೂ ಬೇಕು, ಮದುವೆಯಾಗಿ ಎಷ್ಟು ವರ್ಷವಾಗಿದ್ದರೂ.

ಇನ್ನುಳಿದ ಕಾಗದಗಳು. 2024ರ ಅಕ್ಟೋಬರಿನಿಂದ ನಗರದಲ್ಲಿ ಇ-ಖಾತೆ (ಖಾತೆಯ ಗಣಕೀಕೃತ ರೂಪ) ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ, ಅದನ್ನು ಈಗಲೇ ಮಾಡಿಸಿ. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ (ಇಸಿ) 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಗೇ ಹೋಗಬೇಕು. ಮೂಲಪತ್ರದ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿಗೆ ಏನಿದೆ ಎಂಬ ಗಡಿಯ ವಿವರವನ್ನು, ಒಮ್ಮೆ ಕೂತು ಓದಿ. ನಮ್ಮ ತಂದೆಯ ಮನೆ ಮಾರುವಾಗ ಪೂರ್ವಕ್ಕೆ ‘ತೆಂಗಿನ ತೋಟ’ ಎಂದಿತ್ತು. ಆ ತೋಟ ಹೋಗಿ ಮದುವೆ ಛತ್ರವಾಗಿ, ಛತ್ರವೂ ಹೋಗಿ ಅಪಾರ್ಟ್‌ಮೆಂಟ್ ಆಗಿತ್ತು. ಅದನ್ನು ವಿವರಿಸುವುದರಲ್ಲೇ ನಾಲ್ಕು ತಿಂಗಳು ಕಳೆಯಿತು. ಆಷಾಢದಲ್ಲಿ ಮನೆ ನೋಡಲು ಬರುವವರು ಕಡಿಮೆ. ಆ ತಿಂಗಳನ್ನು ಈ ಓಡಾಟಕ್ಕೆ ಇಟ್ಟುಕೊಳ್ಳಿ.

ಬೆಲೆಯ ಮಾತಿಗೆ ಕುಳಿತಾಗ ‘ಕಾಗದದಲ್ಲಿ ಇಷ್ಟು, ಕೈಗೆ ಇಷ್ಟು’ ಎಂಬ ಪ್ರಸ್ತಾಪ ಬಂದೇ ಬರುತ್ತದೆ. ಒಪ್ಪಬೇಡಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ಲಾಭದ ಮೇಲಿನ ತೆರಿಗೆಯನ್ನು ಪ್ರತಿಯೊಬ್ಬ ಪಾಲುದಾರರೂ ತಮ್ಮ ಪಾಲಿಗೆ ಬೇರೆಯಾಗಿ ಲೆಕ್ಕ ಹಾಕಬೇಕು. ಮಾರಿದ ಎರಡು ವರ್ಷದೊಳಗೆ, ಅಥವಾ ಮಾರುವ ಮುಂಚಿನ ಒಂದು ವರ್ಷದಲ್ಲಿ ಮನೆ ಕೊಂಡರೆ ಆ ಲಾಭಕ್ಕೆ ವಿನಾಯಿತಿ ಇದೆ. ಹಾಗಾಗಿ ಫ್ಲಾಟ್ ಕೊಳ್ಳಲು ಅವಸರ ಬೇಡ.

ಆ ಎರಡು ವರ್ಷವನ್ನು ಬಳಸಿಕೊಳ್ಳಿ ಎಂಬುದು ನನ್ನ ಸಲಹೆ. ಮಗನ ಬೀದಿಯಲ್ಲೇ ಆರು ತಿಂಗಳು ಬಾಡಿಗೆಗೆ ಇದ್ದು ನೋಡಿ, ಅದರಲ್ಲಿ ಒಂದು ಬೇಸಿಗೆ ಬರುವಂತೆ. ಕಾವೇರಿ ನೀರು ಬರುತ್ತದೆಯೇ, ಟ್ಯಾಂಕರನ್ನೇ ನೆಚ್ಚಬೇಕೇ ಎಂಬುದು ಏಪ್ರಿಲಿನಲ್ಲಿ ತಿಳಿಯುತ್ತದೆ. ಕಟ್ಟಡದವರು ಹೇಳಿದ್ದನ್ನು ನಂಬಬೇಡಿ, ಕಾವಲುಗಾರನನ್ನು ಕೇಳಿ. ಗಾಂಧಿಬಜಾರು ತಪ್ಪಿಹೋಗುತ್ತದೆಂಬ ಚಿಂತೆ ಬೇಡ. ಹಸಿರು ಮಾರ್ಗದ ಮೆಟ್ರೊ 2021ರಿಂದ ತಲಘಟ್ಟಪುರಕ್ಕೆ ಬರುತ್ತಿದೆ. ರೈಲು ಬದಲಿಸದೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು.

ಬಣ್ಣದವನಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ಎಂದುಕೊಂಡಿದ್ದೇನೆ. ಈ ಭಾನುವಾರ ಮೈದುನನಿಗೆ ನೀವೇ ಫೋನ್ ಮಾಡಿ. ದಲ್ಲಾಳಿಯಿಂದಲೋ ಮಗನಿಂದಲೋ ಮಾಡಿಸಬೇಡಿ.