ಚಿಕ್ಕ ಹಜಾರದಲ್ಲಿ ಹನ್ನೆರಡು ಮಂದಿಗೆ ಜಾಗ

ಪ್ರಶ್ನೆ: ತುಮಕೂರಿನ ಬಟವಾಡಿಯ ಕಡೆ ಎರಡು ಮಲಗುವ ಕೋಣೆಗಳ ಫ್ಲ್ಯಾಟಿನಲ್ಲಿ ನಾವು ನಾಲ್ವರು ವಾಸವಾಗಿದ್ದೇವೆ. ಹಜಾರ 16 ಅಡಿ ಉದ್ದ, 10 ಅಡಿ ಅಗಲವಿದ್ದು, ಅದರಲ್ಲೇ ದೊಡ್ಡ ಸೋಫಾ ಮತ್ತು ಆರು ಕುರ್ಚಿಗಳ ಊಟದ ಮೇಜು ಇವೆ. ತಿಂಗಳಿಗೊಮ್ಮೆ ದೇವರನಾಮ ಹಾಡುವ ನಮ್ಮ ಬಳಗ ಮನೆಯಲ್ಲಿ ಸೇರುತ್ತದೆ. ಹತ್ತು ಹನ್ನೆರಡು ಮಂದಿ ಬಂದರೆ ಕಾಲಿಡಲು ಜಾಗವಿರುವುದಿಲ್ಲ; ಅಡುಗೆಮನೆಯಲ್ಲಿರುವ ನನಗೆ ಅವರ ಮಾತುಕತೆಯೂ ಕೇಳಿಸುವುದಿಲ್ಲ. ಅತ್ತೆಯವರು ಮಂಡಿನೋವಿನಿಂದ ನೆಲದ ಮೇಲೆ ಕೂರಲಾರರು. ಅಡುಗೆಮನೆಯ ಗೋಡೆಯನ್ನು ಪೂರ್ತಿ ಒಡೆಸಿಬಿಡೋಣವೆಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ಯಾವುದು ಸರಿ?
– ಓದುಗರೊಬ್ಬರು, ತುಮಕೂರು

ಉತ್ತರ: ಗೋಡೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ, ಮೊದಲು ಊಟದ ಮೇಜಿನ ಲೆಕ್ಕ ನೋಡೋಣ. ಆರು ಮಂದಿಯ ಮೇಜು ಸಾಮಾನ್ಯವಾಗಿ 5 ಅಡಿ ಉದ್ದ, 3 ಅಡಿ ಅಗಲವಿರುತ್ತದೆ. ಕುರ್ಚಿಯನ್ನು ಹಿಂದಕ್ಕೆ ಎಳೆದು ಕೂತೇಳಲು ಸುತ್ತಲೂ ಎರಡೂವರೆ ಅಡಿ ಬಿಡಬೇಕಾದ್ದರಿಂದ ಅದಕ್ಕೆ ಬೇಕಾಗುವುದು 10 ಅಡಿಗೆ 8 ಅಡಿ, ಅಂದರೆ 80 ಚದರ ಅಡಿ. ನಿಮ್ಮ ಇಡೀ ಹಜಾರವೇ 160 ಚದರ ಅಡಿ. ಊಟದ ಹೊತ್ತಿಗೆ ಮಾತ್ರ ಬಳಕೆಯಾಗುವ ಒಂದು ಸಾಮಾನಿಗೆ ಅರ್ಧ ಹಜಾರ ಹೋಗುತ್ತಿದೆ. ಗೋಡೆಗೆ ಅಂಟಿಕೊಂಡು ಮಡಚಿಕೊಳ್ಳುವ, ಎರಡು ರೆಕ್ಕೆಗಳ ಮೇಜನ್ನು ಮಾಡಿಸಿದರೆ ಮಡಚಿದಾಗ ಅದು ಒಂದಡಿ ಅಗಲದಲ್ಲಿ ಮುಗಿಯುತ್ತದೆ. ಒಂದು ರೆಕ್ಕೆ ಬಿಚ್ಚಿದರೆ ನೀವು ನಾಲ್ವರ ದಿನನಿತ್ಯದ ಊಟಕ್ಕೆ ಸಾಕು.

ಎರಡನೆಯದು ಸೋಫಾ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಂದವರೆಲ್ಲ ಕೂತು ಮಾತನಾಡುತ್ತಿದ್ದುದು ಜಗಲಿಯ ಮೇಲೆ, ಮತ್ತು ಆ ಏರ್ಪಾಡು ನಿಮ್ಮ ಹಜಾರಕ್ಕೆ ಹೇಳಿಮಾಡಿಸಿದ ಹಾಗಿದೆ. ಬಾಗಿಲಿಲ್ಲದ ಉದ್ದನೆಯ ಗೋಡೆಗೆ ಸೇರಿಸಿ 12 ಅಡಿ ಉದ್ದ, 20 ಅಂಗುಲ ಅಗಲ, ಮೆತ್ತೆಯೂ ಸೇರಿ 17 ಅಂಗುಲ ಎತ್ತರದ ಮರದ ಬೆಂಚೊಂದನ್ನು ಕಟ್ಟಿಸಿರಿ. ಒಬ್ಬರಿಗೆ ಎರಡಡಿಯಂತೆ ಆರು ಮಂದಿ ಆರಾಮವಾಗಿ ಕೂರುತ್ತಾರೆ, ಎದುರಿಗೆ ಎಂಟು ಅಡಿಗೂ ಹೆಚ್ಚು ಅಗಲದ ನೆಲ ಖಾಲಿ ಉಳಿಯುತ್ತದೆ. ಅಲ್ಲಿ ಜಮಖಾನೆ ಹಾಸಿದರೆ ಮಿಕ್ಕವರಿಗೂ ಹಾರ್ಮೋನಿಯಂ, ತಬಲಾಗಳಿಗೂ ಜಾಗವಾಗುತ್ತದೆ. ಬೆಂಚಿನ ಒಳಗೆ ಜಮಖಾನೆ, ಚಾಪೆ, ಹೆಚ್ಚಿನ ತಟ್ಟೆ ಲೋಟಗಳನ್ನು ಇಡಬಹುದು. ಆದರೆ ಮೇಲೆತ್ತುವ ಮುಚ್ಚಳ ಬೇಡ. ತಟ್ಟೆ ಬೇಕಾದಾಗಲೆಲ್ಲ ಕೂತವರನ್ನು ಎಬ್ಬಿಸಬೇಕಾಗುತ್ತದೆ. ಮುಂದಕ್ಕೆ ಎಳೆಯುವ ಡ್ರಾಯರುಗಳೇ ಸರಿ.

ಬಡಗಿಗೆ ಒಂದು ಮಾತು ಖಂಡಿತವಾಗಿ ಹೇಳಿರಿ: ಬೆಂಚಿನ ಪ್ಲೈವುಡ್ ನೆಲಕ್ಕೆ ತಾಗಬಾರದು. ದಿನಾ ನೆಲ ಒರೆಸುವ ನೀರು ಅಂಚಿನಿಂದ ಒಳಗೆ ಇಳಿದು ಪದರಗಳು ಬಿಟ್ಟುಕೊಳ್ಳುತ್ತವೆ. ಕೆಳಗೆ ನಾಲ್ಕು ಅಂಗುಲ ಎತ್ತರದ ಕಲ್ಲಿನ ಪಟ್ಟಿಯನ್ನೋ ಸ್ಟೀಲಿನ ಕಾಲುಗಳನ್ನೋ ಕೊಡಿಸಿರಿ. ನೀರು ತಗಲುವ ಅಡುಗೆಮನೆಯ ಕಡೆಗೆ ನೀರು ತಡೆಯುವ ಪ್ಲೈವುಡ್ಡಿಗೆ ಕೊಡುವ ಭಾರತೀಯ ಮಾನಕದ ಗುರುತು ಐಎಸ್ 710 ಇರುವ ಪ್ಲೈವುಡ್ ಬೇಕು. ಒಣಗಿರುವ ಹಜಾರಕ್ಕೆ ಸಾಮಾನ್ಯ ಬಳಕೆಯ ಐಎಸ್ 303 ಗುರುತಿನದು ಸಾಕಾಗುತ್ತದೆ, ಖರ್ಚೂ ಕಡಿಮೆ.

ಅತ್ತೆಯವರಿಗೆ ಬೆಂಚು ಒಗ್ಗುವುದಿಲ್ಲ. ಮಂಡಿನೋವಿದ್ದವರು ಏಳುವಾಗ ಕೈಯೂರಲು ಆಸರೆ ಬೇಕು. 18ರಿಂದ 19 ಅಂಗುಲ ಎತ್ತರದ, ಗಟ್ಟಿ ಮೆತ್ತೆಯ, ಕೈಗಳಿರುವ ಕುರ್ಚಿಯೊಂದನ್ನು ಬಚ್ಚಲಿಗೆ ಹೋಗುವ ದಾರಿಯ ಪಕ್ಕದಲ್ಲಿ, ಆದರೆ ಹಾಡುವವರ ಸಾಲಿನಲ್ಲಿಯೇ ಹಾಕಿರಿ. ಮನೆಯ ಹಿರಿಯರು ಮೂಲೆಗೆ ಸರಿದು ಕೂರುವಂತಾದರೆ ಇಷ್ಟೆಲ್ಲ ಮಾಡಿಸಿ ಏನು ಪ್ರಯೋಜನ?

ಈಗ ಗೋಡೆ. ಪೂರ್ತಿ ಒಡೆಸುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇತ್ತೀಚಿನ ಕೆಲವು ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳೇ ಭಾರ ಹೊರುತ್ತವೆ. ಅಂಥ ಗೋಡೆಯನ್ನು ಮುಟ್ಟುವಂತೆಯೇ ಇಲ್ಲ. ಕಂಬ ಮತ್ತು ಬೀಮುಗಳ ನಡುವೆ ಇಟ್ಟಿಗೆ ಇಲ್ಲವೇ ಸಿಮೆಂಟ್ ಬ್ಲಾಕ್ ತುಂಬಿದ ಗೋಡೆಯಾಗಿದ್ದರೂ ಕಟ್ಟಡದ ನಕ್ಷೆ ನೋಡಿದ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಬೇಕು, ಮಾಲೀಕರ ಸಂಘದ ಒಪ್ಪಿಗೆ ಬರವಣಿಗೆಯಲ್ಲಿರಬೇಕು. ಅವೆರಡೂ ದೊರೆತರೆ ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ ನಾಲ್ಕು ಅಡಿ ಅಗಲದ ಕಿಂಡಿಯೊಂದನ್ನು, ಮೇಲಿನ ಗೋಡೆಯ ಭಾರ ಹೊರುವ ಅಡ್ಡಪಟ್ಟಿ (ಲಿಂಟಲ್) ಕೊಟ್ಟು ತೆರೆಸಿರಿ. ಕೆಳಗಿನ ಅಂಚಿಗೆ ಒಂದಡಿ ಅಗಲದ ಗ್ರಾನೈಟ್ ಚಪ್ಪಡಿ ಕೂರಿಸಿದರೆ ಕಾಫಿ ಲೋಟಗಳು ಅಲ್ಲಿಂದಲೇ ಹಜಾರಕ್ಕೆ ಸಾಗುತ್ತವೆ. ನೀವು ಒಲೆಯ ಮುಂದಿದ್ದುಕೊಂಡೇ ಹಾಡಿಗೆ ದನಿಗೂಡಿಸಬಹುದು. ನಮ್ಮ ಒಗ್ಗರಣೆಯ ಘಾಟಿಗೆ ಪೂರ್ತಿ ತೆರೆದ ಅಡುಗೆಮನೆ ಹೊಂದುವುದಿಲ್ಲವಾದ್ದರಿಂದ ಕಿಂಡಿಗೆ ಸರಿಸುವ ಗಾಜಿನ ಬಾಗಿಲಿರಲಿ, ಚಿಮಣಿಯ ಕೊಳವೆ ಹೊರಗೋಡೆಯನ್ನು ದಾಟಿ ಹೋಗಲಿ. ಒಲೆ ಮಾತ್ರ ಕಿಂಡಿಯ ನೇರಕ್ಕೆ ಬರಬಾರದು. ಫ್ಯಾನಿನ ಗಾಳಿಗೆ ಉರಿ ಅಲುಗುತ್ತದೆ.

ಬಿಳಿಯ ಟ್ಯೂಬ್‌ಲೈಟಿನ ಜೊತೆಗೆ 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ದೀಪಗಳನ್ನು ಬೇರೆ ಸ್ವಿಚ್ಚಿಗೆ ಹಾಕಿಸಿರಿ. ಟೈಲ್ಸ್ ನೆಲ ಮತ್ತು ಬರಿ ಗೋಡೆಗಳಿಂದ ಹಾಡು ಪ್ರತಿಧ್ವನಿಸುತ್ತಿದ್ದರೆ ದಪ್ಪ ಪರದೆಯೂ ಜಮಖಾನೆಯೂ ಅದನ್ನು ಬಹಳಮಟ್ಟಿಗೆ ತಗ್ಗಿಸುತ್ತವೆ. ಹನ್ನೆರಡು ಜೊತೆ ಚಪ್ಪಲಿಗಳು ಮೆಟ್ಟಿಲ ಬಳಿಯ ದಾರಿಯಲ್ಲಿ ಹರಡಬಾರದು, ಅದು ಎಲ್ಲರೂ ಓಡಾಡುವ ಜಾಗ. ಬಾಗಿಲ ಒಳಗೆ ಎಂಟು ಅಂಗುಲ ಆಳದ, ಓರೆಯಾಗಿ ತೆರೆಯುವ ಚಪ್ಪಲಿ ಕಪಾಟು ಸಾಲುತ್ತದೆ.

ಬಡಗಿಗೆ ಮುಂಗಡ ಕೊಡುವ ಮೊದಲು ಮುಂದಿನ ತಿಂಗಳ ಕೂಟವನ್ನು ಮೇಜು, ಸೋಫಾಗಳನ್ನು ಮಲಗುವ ಕೋಣೆಗೆ ಸಾಗಿಸಿ, ಗೋಡೆಯುದ್ದಕ್ಕೂ ಬಾಡಿಗೆ ಬೆಂಚು ಹಾಕಿ ನಡೆಸಿ ನೋಡಿರಿ. ಯಾರು ಎಲ್ಲಿ ಕೂತರು, ಅತ್ತೆಯವರು ಎಷ್ಟು ಬಾರಿ ಎದ್ದರು, ತಟ್ಟೆಗಳು ಯಾವ ದಾರಿಯಲ್ಲಿ ಬಂದವು ಎಂಬುದನ್ನು ಗಮನಿಸಿ, ಅದರಂತೆ ಅಳತೆಗಳನ್ನು ತಿದ್ದಿಕೊಂಡು ಕೆಲಸ ಹಿಡಿಸಿರಿ.