ಸುಳ್ಳಿಗೆ ಒಳ್ಳೆಯ ಕನ್ನಡ ಬರುತ್ತದೆ

ಬೆಂಗಳೂರಿನ ಬಸವೇಶ್ವರನಗರದ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಕೊರೊನಾ ಕಾಲದಲ್ಲಿ ವಾಟ್ಸ್‌ಆ್ಯಪ್ ನಂಬಿ ಲಸಿಕೆಯೇ ಬೇಡವೆಂದು ಕುಳಿತಿದ್ದ ಅವರ ಅತ್ತಿಗೆ, ಈಗ ಅದೇ ವಾಟ್ಸ್‌ಆ್ಯಪ್ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು, ರಾತ್ರಿ ನೆನೆಸಿಟ್ಟ ಬೆಂಡೆಕಾಯಿಯ ನೀರು ಕುಡಿಯುತ್ತಿದ್ದಾರೆ. "ಇಂಥ ಸಂದೇಶ ಹರಡುವ ಮೂಢರನ್ನು ಜೈಲಿಗೆ ಹಾಕಬೇಕು. ವಿಚಾರವಾದಿ ಎಚ್. ನರಸಿಂಹಯ್ಯನವರು ಬಾಳಿದ ಊರಿಗೆ ಇದೇನು ಗತಿ? ನಿಮ್ಮ ಪತ್ರಿಕೆ ಏಕೆ ಸುಮ್ಮನಿದೆ?" ಎಂದು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಸಿಟ್ಟು ಸಕಾರಣವಾದದ್ದೇ. ಮದ್ಯ ಕುಡಿದರೆ ಸೋಂಕು ತಗಲುವುದಿಲ್ಲವೆಂಬ ವದಂತಿ ನಂಬಿ 2020ರಲ್ಲಿ ಇರಾನಿನಲ್ಲಿ ನೂರಾರು ಜನ ಮೆಥನಾಲ್ ಕುಡಿದು ಸತ್ತರು. ನಮ್ಮ ಚಾಮರಾಜಪೇಟೆಯಲ್ಲೇ 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳನೆಂಬ ಗುಮಾನಿಯ ಮೇಲೆ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದರು. ನೀವು ಕೇಳುವ ಜೈಲೂ ಇದೆ: 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ವಿಪತ್ತಿನ ಬಗ್ಗೆ ಸುಳ್ಳು ಭೀತಿ ಹಬ್ಬಿಸುವವರಿಗೆ ಒಂದು ವರ್ಷದವರೆಗೆ ಸೆರೆ ವಿಧಿಸುತ್ತದೆ. ಇಷ್ಟನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. "ಮೂಢರು" ಎಂಬ ನಿಮ್ಮ ಮಾತು ನನ್ನನ್ನು ಚುಚ್ಚಿತು, ಏಕೆಂದರೆ ಅವರಲ್ಲಿ ನಾನೂ ಒಬ್ಬ.

2020ರ ಮಾರ್ಚ್ 22ರ ಜನತಾ ಕರ್ಫ್ಯೂ ನಿಮಗೆ ನೆನಪಿರಬೇಕು. ಅದರ ಹಿಂದಿನ ದಿನ ನನಗೊಂದು ಸಂದೇಶ ಬಂತು. ವೈರಸ್ಸಿನ ಆಯಸ್ಸು 12 ಗಂಟೆ, ಕರ್ಫ್ಯೂ ಇರುವುದು 14 ಗಂಟೆ, ಆದ್ದರಿಂದ ಸೋಮವಾರ ಬೆಳಗ್ಗೆ ನಾವು ಕಾಲಿಡುವುದು ವೈರಸ್ ಇಲ್ಲದ ನಾಡಿಗೆ. ಮೂರು ಗುಂಪುಗಳಿಗೆ ದಾಟಿಸಿದೆ. ಎಂ.ಎಸ್‌ಸಿ. ಓದುತ್ತಿದ್ದ ಮಗಳು ನೋಡಿ, "ಅಪ್ಪ, ವೈರಸ್ ಇರುವುದು ಬರೀ ರಸ್ತೆಯ ಮೇಲಲ್ಲ, ಜನರ ಮೈಯೊಳಗೆ. ಅವರು ನಾಡಿದ್ದು ಹೊರಗೆ ಬರುವುದಿಲ್ಲವೇ?" ಎಂದಳು. ಮೂವತ್ತು ವರ್ಷ ಇನ್ನೊಬ್ಬರ ಬರಹದ ತಪ್ಪು ತಿದ್ದಿದವನಿಗೆ ಈ ತಪ್ಪು ಕಾಣಲಿಲ್ಲ. ಕಾರಣ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಆ ಸಂದೇಶದ ಕನ್ನಡ ಚೆನ್ನಾಗಿತ್ತು. ಚಿಕ್ಕ ಚಿಕ್ಕ ವಾಕ್ಯ, ಒಂದೂ ಕಾಗುಣಿತದ ತಪ್ಪಿಲ್ಲ, ನಡುವೆ ಬೆರಳು ಮಡಿಸಿ ಎಣಿಸಬಹುದಾದ ಲೆಕ್ಕ. ಅದೇ ವಾರದ ಸರ್ಕಾರಿ ಪ್ರಕಟಣೆಗಳೂ ನಮ್ಮ ಕಚೇರಿಗೆ ಬರುತ್ತಿದ್ದವು: ಪ್ರಾಥಮಿಕ ಸಂಪರ್ಕಿತರು ಗೃಹ ದಿಗ್ಬಂಧನದ ಮಾರ್ಗಸೂಚಿಗಳನ್ನು ಅನುಪಾಲಿಸತಕ್ಕದ್ದು ಎಂಬ ಧಾಟಿಯವು. ಎರಡು ಸಲ ಓದಿ, ಮೂರನೇ ಸಲ ಬರೆದವರಿಗೆ ಫೋನ್ ಮಾಡಬೇಕು. ಸುಳ್ಳು ಸಂದೇಶವಾದರೋ "ಅಕ್ಕಾ, ಒಂದು ಲೋಟ ಬಿಸಿನೀರಿಗೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ" ಎಂದು ಶುರುವಾಗುತ್ತಿತ್ತು. ನಿಮ್ಮ ಅತ್ತಿಗೆಯವರು ಯಾರ ಮಾತು ಕೇಳಬೇಕಿತ್ತು, ಹೇಳಿ.

2021ರ ಏಪ್ರಿಲ್ ಬಂತು. ಹನುಮಂತನಗರದಲ್ಲಿರುವ ನನ್ನ ಚಿಕ್ಕಮ್ಮ ಕರ್ಪೂರ, ಲವಂಗ, ಓಂಕಾಳು ಹಾಕಿ ಗಂಟು ಕಟ್ಟಿ ಬೀದಿಗೆಲ್ಲ ಹಂಚಿದರು. ಮೂಸುತ್ತಿದ್ದರೆ ಆಮ್ಲಜನಕ ಏರುತ್ತದೆಯಂತೆ. ಹಳೆಯ ರೇಷ್ಮೆ ಸೀರೆಯ ಅಂಚು ಕತ್ತರಿಸಿ ಹೊಲಿದ ಗಂಟು. ನನ್ನದು ಇನ್ನೂ ಮೇಜಿನ ಖಾನೆಯಲ್ಲಿದೆ. ಕರ್ಪೂರ ಮೂಸಿದರೆ ಮೂಗು ಬಿಟ್ಟ ಹಾಗೆ ಅನಿಸುತ್ತದೆ, ರಕ್ತದ ಆಮ್ಲಜನಕ ಏರುವುದಿಲ್ಲ. ಹೆಚ್ಚಾದರೆ ಅದು ವಿಷ, ಮಕ್ಕಳಿಗಂತೂ ಅಪಾಯ. ಇದನ್ನು ಚಿಕ್ಕಮ್ಮನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರಿಗೆ ಫೋನ್ ಮಾಡಿದರೆ "ನೀವು ಕರೆ ಮಾಡುತ್ತಿರುವ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ" ಎಂಬ ಹೆಣ್ಣುದನಿ. (ಆ ತಿಂಗಳು ಈ ನಗರ ನನ್ನೊಡನೆ ಶುದ್ಧ ಕನ್ನಡದಲ್ಲಿ ಆಡಿದ ಮಾತು ಅದೊಂದೇ.) ಹಾಸಿಗೆ ಸಿಗುತ್ತಿರಲಿಲ್ಲ, ಸಿಲಿಂಡರ್ ಸಿಗುತ್ತಿರಲಿಲ್ಲ. ನಡುರಾತ್ರಿ ಕೈಗೆ ಸಿಕ್ಕದ್ದು ಚಿಕ್ಕಮ್ಮನ ಗಂಟು. ಅದನ್ನು ಹಂಚಿದವರನ್ನು ಮೂಢರ ಸಾಲಿಗೆ ಸೇರಿಸಲು ನನ್ನಿಂದಾಗದು.

ಲಸಿಕೆಯ ಕಥೆಯನ್ನೂ ಕೇಳಿ. ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಹೆಸರು ನೋಂದಾಯಿಸುವ ಕೋವಿನ್ ತಾಣಕ್ಕೆ ಕನ್ನಡ ಬಂದದ್ದು ಜೂನ್‌ನಲ್ಲಿ. ಈ ನಡುವೆ, ಮುಟ್ಟಿನ ಹಿಂದಿನ ಐದು ದಿನ, ಮುಂದಿನ ಐದು ದಿನ ಹೆಂಗಸರು ಲಸಿಕೆ ಹಾಕಿಸಿಕೊಳ್ಳಬಾರದೆಂಬ ಸುಳ್ಳು ಮನೆಮನೆ ಸುತ್ತಿತು, ಅದೂ ಕನ್ನಡದಲ್ಲಿ. ಅದು ಸುಳ್ಳೆಂದು ಕೇಂದ್ರ ಸರ್ಕಾರ ಹೇಳಿತು. ನನ್ನ ಮೊಬೈಲಿಗೆ ಬಂದ ಆ ನಿರಾಕರಣೆ ಇಂಗ್ಲಿಷಿನಲ್ಲಿತ್ತು. ನಮ್ಮ ಬೀದಿಯಲ್ಲಿ ಹೂ ಮಾರುವಾಕೆ ನನಗೆ ಸುಳ್ಳನ್ನು ಓದಿ ಹೇಳಿದಳು, ನಾನು ಅವಳಿಗೆ ನಿಜವನ್ನು ಅನುವಾದ ಮಾಡಿ ಹೇಳಿದೆ.

ಎಲ್ಲ ತಪ್ಪನ್ನೂ ಮೊಬೈಲಿನ ತಲೆಗೆ ಕಟ್ಟುವವರಿಗೆ ಈ ಊರಿನ ನೆನಪು ಕಡಿಮೆ. 1898ರಲ್ಲಿ ಪ್ಲೇಗ್ ಬಂದಾಗ ಯಾರ ಕೈಯಲ್ಲಿ ಮೊಬೈಲಿತ್ತು? ಆಗ ಹುಟ್ಟಿದ ಪ್ಲೇಗ್ ಮಾರಮ್ಮನಿಗೆ ಈಗಲೂ ಗುಡಿಯಿದೆ, ಆ ಭಯದಿಂದಲೇ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಈಗಲೂ ನಾವಿದ್ದೇವೆ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿದಾಗ, ಸರ್ಕಾರ ದಿನಕ್ಕೆ ಐದೇ ಎಸ್‌ಎಂಎಸ್ ಎಂದು ಮಿತಿ ಹಾಕಿತು. 2018ರಲ್ಲಿ ವಾಟ್ಸ್‌ಆ್ಯಪ್ ಕೂಡ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸಿ ಎಂದಿತು. ಐದರ ಮೇಲೆ ಇವರಿಗೆಲ್ಲ ಅದೇನು ಪ್ರೀತಿಯೋ! 2020ರ ಏಪ್ರಿಲ್‌ನಲ್ಲಿ, ಬಹಳ ಸಲ ದಾಟಿ ಬಂದ ಸಂದೇಶಕ್ಕೆ ಅದನ್ನೂ ಒಂದಕ್ಕೆ ಇಳಿಸಿದರು. ಸುಳ್ಳಿನ ದಾರಿ ಕಿರಿದಾಯಿತು, ಸರಿ. ನಿಜಕ್ಕೆ ಯಾರು ದಾರಿ ಮಾಡಿದರು?

ಎಚ್ಚೆನ್ ಎಂದೇ ಹೆಸರಾದ ನರಸಿಂಹಯ್ಯನವರನ್ನು ನೆನೆದಿರಿ, ಸಂತೋಷ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದರು. ಅವರು ಸವಾಲು ಹಾಕಿದ್ದು ಪವಾಡಪುರುಷರಿಗೆ, ಅವರೆದುರು ಕೈಮುಗಿದು ನಿಂತ ಹೆಂಗಸರಿಗಲ್ಲ. ಡಾಕ್ಟರ್ ಅನುಪಮಾ ನಿರಂಜನ ಅವರನ್ನೂ ನೆನೆಯಿರಿ. ನಮ್ಮ ಮನೆಯ ಮೂವರು ಹೆಣ್ಣುಮಕ್ಕಳ ಬಸಿರು, ಬಾಣಂತನ ಅವರ ಒಂದೇ ಪುಸ್ತಕದ ಆಸರೆಯಲ್ಲಿ ಕಳೆಯಿತು. ಅದರ ರಟ್ಟು ಕಿತ್ತುಹೋಗಿ ಅರಿಶಿನದ ಬೆರಳಚ್ಚು ಉಳಿದಿದೆ. ನಿಮ್ಹಾನ್ಸ್‌ನ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಯ ಬಗ್ಗೆ ನನ್ನ ಚಿಕ್ಕಮ್ಮನಿಗೂ ತಿಳಿಯುವ ಹಾಗೆ ಬರೆದರು. ಇವತ್ತು ಎಷ್ಟು ವೈದ್ಯರು ಹಾಗೆ ಬರೆಯುತ್ತಾರೆ? ನಾನು ಲೇಖನ ಕೇಳಿದರೆ, "ಇಂಗ್ಲಿಷಿನಲ್ಲಿ ಕಳಿಸುತ್ತೇನೆ, ನೀವೇ ಮಾಡಿಕೊಳ್ಳಿ" ಎನ್ನುವವರೇ ಹೆಚ್ಚು.

ಕಳೆದ ವರ್ಷ ನನ್ನ ಅಣ್ಣನ ಶಸ್ತ್ರಚಿಕಿತ್ಸೆಗೆ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಒಪ್ಪಿಗೆ ಪತ್ರ ಐದು ಪುಟ, ಎಲ್ಲವೂ ಇಂಗ್ಲಿಷ್. ಕನ್ನಡದ್ದು ಕೊಡಿ ಎಂದೆ. "ಸರ್, ಕಂಪ್ಯೂಟರಿನಲ್ಲಿ ಇಲ್ಲ" ಎಂದರು. ಅಣ್ಣ ಓದದೆ ಸಹಿ ಹಾಕಿದ. ಆ ಏಳು ಅಂತಸ್ತಿನಲ್ಲಿ ನನಗೆ ಕಂಡ ಕನ್ನಡ ಒಂದೇ ಫಲಕದ ಮೇಲಿತ್ತು: ಇಲ್ಲಿ ಉಗುಳಬಾರದು. ಸೋಂಕಿನ ಕಾಲದಲ್ಲಿ ಬಾಗಿಲು ಬಡಿದು, ಜ್ವರ ಕೇಳಿ, ನಮ್ಮ ಮಾತಿನಲ್ಲೇ ತಿಳಿಹೇಳಿದವರು ಆಶಾ ಕಾರ್ಯಕರ್ತೆಯರು. ಅವರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ಮುಷ್ಕರ ಹೂಡಬೇಕಾಯಿತು. ನಿಜವನ್ನು ಹೊತ್ತು ನಡೆಯುವವರಿಗೆ ನಾವು ಕೊಡುವ ಕೂಲಿ ಇದು.

ಇನ್ನು ನಿಮ್ಮ ಅತ್ತಿಗೆಯವರ ವಿಚಾರ. ಇಂಗ್ಲಿಷ್ ದಿನಪತ್ರಿಕೆಯ ಎರಡು ಲೇಖನ ಕಳಿಸಿದೆ, ತೆರೆದೂ ನೋಡಲಿಲ್ಲ ಎಂದು ಮೂರನೇ ಪುಟದಲ್ಲಿ ದೂರಿದ್ದೀರಿ. ಅವರು ಊರಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವರೆಂದು ಮೊದಲನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಎರಡೂ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿಕೊಳ್ಳಿ, ಸ್ವಾಮಿ.

ಬೆಂಡೆಕಾಯಿ ಹುಳಿ ಮಾಡಿ ಉಣ್ಣಲಿ, ಆದರೆ ಮಾತ್ರೆಯ ಜಾಗಕ್ಕೆ ಅದು ಬರಲಾರದು. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಇದೆ. ಈ ವಾರವೇ ಅವರನ್ನು ಕರೆದುಕೊಂಡು ಹೋಗಿ ಮಾಡಿಸಿ, ವೈದ್ಯರಿಗೂ ತೋರಿಸಿ. ರಿಪೋರ್ಟ್ ಇಂಗ್ಲಿಷಿನಲ್ಲೇ ಬರುತ್ತದೆ. ಪಕ್ಕದಲ್ಲಿ ಕುಳಿತು ಓದಿ ಹೇಳಿ.

– ಸಂಪಾದಕ